ಮ್ಯಾಗ್ನೆಟ್ ಹೋಯ್ತು ಅಂದರಾ? ಗುಜರಿಗೆ ಹಾಕುವ ಮೊದಲು ಇಷ್ಟು ಓದಿ



ನಿಮ್ಮ ಸೊಸೈಟಿಯ ಪಾರ್ಕಿಂಗ್ ಮೂಲೆಯಲ್ಲಿ, ನೀರಿನ ಪಂಪಿನ ಪಕ್ಕ, ಹಳೇ ಬೆಡ್‌ಶೀಟ್ ಹೊದ್ದುಕೊಂಡು ಒಂದು ಮೊಪೆಡ್ ನಿಂತಿದೆಯೇ? ಊರಿನಲ್ಲಿ ಅಪ್ಪ ಓಡಿಸುತ್ತಿದ್ದದ್ದು. ಮುಂದೆ ನೀವು ನಿಂತು, ಹಿಂದೆ ಅಮ್ಮ ಕೂತು, ಹ್ಯಾಂಡಲ್ಲಿಗೆ ತರಕಾರಿ ಚೀಲ ನೇತು ಹಾಕಿಕೊಂಡು ಸಂತೆಗೆ ಹೋಗಿ ಬಂದ ಗಾಡಿ. ಮಾರಲು ಮನಸ್ಸು ಬಾರದೆ, ಮನೆ ಸಾಮಾನಿನ ಜೊತೆ ಲಾರಿಯಲ್ಲಿ ಹಾಕಿ ಪುಣೆಗೋ ಮುಂಬೈಗೋ ತಂದುಕೊಂಡಿರಿ. ಒಂದು ಭಾನುವಾರ ಹುರುಪು ಬಂತು. ಪೆಟ್ರೋಲು ಹಾಕಿ, ಪ್ಲಗ್ ಒರೆಸಿ ಪೆಡಲ್ ತುಳಿದರೆ ಒಳಗಿನಿಂದ "ಟಕ್ ಟಕ್" ಎಂಬ ಸದ್ದು! ಮೆಕ್ಯಾನಿಕ್ ಬಂದ, ಕವರ್ ಬಿಚ್ಚಿದ, ತಲೆಯಾಡಿಸಿದ. "ಮ್ಯಾಗ್ನೆಟ್ ಗಯಾ ಸಾಬ್, ಭಂಗಾರ್ ಮೇ ಡಾಲೋ" ಅಂದುಬಿಟ್ಟ.

ನಿಲ್ಲಿ, ಇನ್ನೂ ಗುಜರಿಯವನಿಗೆ ಫೋನ್ ಮಾಡಬೇಡಿ. ಅಯಸ್ಕಾಂತ ಸಡಿಲವಾದ ಮಾತ್ರಕ್ಕೆ ಎಂಜಿನ್ ಸತ್ತಿದೆ ಎಂದಲ್ಲ. ಹಾಗೆಂದು ಸ್ವಲ್ಪ ಅಂಟು ಹಚ್ಚಿ ಒತ್ತಿಬಿಟ್ಟರೆ ಮುಗಿಯಿತು ಎಂದೂ ಅಲ್ಲ. ಜಾಗ, ಧ್ರುವ, ಹಿಡಿತ... ಈ ಮೂರೂ ಸರಿಯಾದರೆ ಮಾತ್ರ ಗಾಡಿ ಮತ್ತೆ ಮಾತಾಡುತ್ತದೆ. ಒಂದು ತಪ್ಪಿದರೂ ಹಾಳಾಗುವುದು ಅಯಸ್ಕಾಂತ ಒಂದೇ ಅಲ್ಲ, ಅದರೊಳಗಿನ ಕಾಯಿಲ್ ಕೂಡ. ಹಳೇ ಗಾಡಿಗೆ ಆ ಕಾಯಿಲ್ ಸಿಗುವುದು ಅಯಸ್ಕಾಂತ ಸಿಗುವುದಕ್ಕಿಂತ ಸುಲಭವೇನಲ್ಲ!

ಆ ಚಕ್ರದೊಳಗೆ ಏನಿದೆ?

ಮೊದಲು ಹೆಸರಿನ ಗೊಂದಲ ಬಗೆಹರಿಸಿಕೊಳ್ಳೋಣ. ಎಂಜಿನ್ನಿನ ಒಂದು ಪಕ್ಕದಲ್ಲಿ ಬಟ್ಟಲಿನ ಹಾಗಿರುವ ಭಾರದ ಚಕ್ರವೊಂದು ತಿರುಗುತ್ತದೆ. ಪುಸ್ತಕದಲ್ಲಿ ಅದು ಫ್ಲೈವೀಲ್. ಗ್ಯಾರೇಜಿನಲ್ಲಿ ಇಡೀ ಚಕ್ರಕ್ಕೇ "ಮ್ಯಾಗ್ನೆಟ್" ಎನ್ನುತ್ತಾರೆ. ಈ ಬರಹದಲ್ಲಿ ಚಕ್ರವನ್ನು ಚಕ್ರ ಎಂದೇ ಕರೆಯೋಣ, ಅದರ ಒಳಗೋಡೆಗೆ ಅಂಟಿಕೊಂಡಿರುವ ಬಾಗಿದ ತುಂಡುಗಳನ್ನು ಅಯಸ್ಕಾಂತ ಎನ್ನೋಣ. ಸಾಮಾನ್ಯವಾಗಿ ನಾಲ್ಕೋ ಆರೋ ತುಂಡುಗಳಿರುತ್ತವೆ.

ಚಕ್ರ ಈ ಅಯಸ್ಕಾಂತಗಳನ್ನು ಹೊತ್ತುಕೊಂಡು ತಿರುಗುತ್ತದೆ. ನಡುವೆ ಕಾಯಿಲ್ ಪ್ಲೇಟ್ ಅಲುಗಾಡದೆ ಕೂತಿರುತ್ತದೆ. ತಾಮ್ರದ ಸುರುಳಿಯ ಮುಂದೆ ಅಯಸ್ಕಾಂತ ಚಲಿಸಿದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಇದನ್ನು ಮೈಕೆಲ್ ಫ್ಯಾರಡೆ 1831ರಲ್ಲೇ ತೋರಿಸಿಕೊಟ್ಟಿದ್ದ. 1902ರಲ್ಲಿ ಜರ್ಮನಿಯ ಬಾಷ್ ಸಂಸ್ಥೆಯ ಗಾಟ್ಲಾಬ್ ಹೊನೋಲ್ಡ್ ಅಧಿಕ ವೋಲ್ಟೇಜಿನ ಮ್ಯಾಗ್ನೆಟೊ ರೂಪಿಸಿದ ಮೇಲೆ ಎಂಜಿನ್ನಿಗೆ ಬೇಕಾದ ಕಿಡಿಯನ್ನು ಅಯಸ್ಕಾಂತದಿಂದಲೇ ಪಡೆಯುವುದು ಸುಲಭವಾಯಿತು. ನಿಮ್ಮ ಮೊಪೆಡ್ಡಿಗೆ ಬ್ಯಾಟರಿ ಇಲ್ಲದಿದ್ದರೂ ಅದು ಸ್ಟಾರ್ಟ್ ಆಗುತ್ತಿದ್ದುದರ ಗುಟ್ಟು ಇದೇ. ಹೆಡ್‌ಲೈಟ್ ಉರಿಯುವುದೂ ಅಲ್ಲಿಂದಲೇ. ಅದಕ್ಕೇ ರೇಸ್ ಕೊಟ್ಟರೆ ಬೆಳಕು ಜಾಸ್ತಿ, ಬಿಟ್ಟರೆ ಮಂಕು!

ನಮ್ಮ ದೇಶದಲ್ಲಿ ಈ ಪುಟ್ಟ ಎಂಜಿನ್‌ಗಳ ಕಾಲ ದೊಡ್ಡದು. ಪುಣೆಯ ಲೂನಾ ಬಂದದ್ದು 1972ರಲ್ಲಿ. ನಮ್ಮ ಗಡಿಯಾಚೆಗಿನ ಹೊಸೂರಿನಿಂದ ಟಿವಿಎಸ್ 50 ಬಂದದ್ದು 1980ರಲ್ಲಿ. ತಿರುಪತಿಯಲ್ಲಿ ಸುವೇಗಾ ತಯಾರಾಗುತ್ತಿತ್ತು. ಇಲ್ಲೊಂದು ಎಚ್ಚರಿಕೆ: ನಿಮ್ಮಲ್ಲಿರುವುದು ಮೈಸೂರಿನ ಹಳೇ ಜಾವಾ ಅಥವಾ ಯೆಜ್ಡಿ 250 ಆಗಿದ್ದರೆ ಅದರ ಏರ್ಪಾಡೇ ಬೇರೆ. ಅದರದ್ದು ಡೈನಮೊ ಮತ್ತು ಬ್ಯಾಟರಿಯ ಸಂಸಾರ. ಅಂಟಿಸುವ ಅಯಸ್ಕಾಂತವನ್ನು ಅಲ್ಲಿ ಹುಡುಕಬೇಡಿ.

ಎಲ್ಲಿ ಬೇಕಾದರೂ ಅಂಟಿಸಿದರೆ ಆಗದೇ?

ಆಗುವುದಿಲ್ಲ. ಕಾರಣ ಕೇಳಿ. ಪಾಯಿಂಟ್ ಇರುವ ಎಂಜಿನ್ನಿನಲ್ಲಿ ಕಿಡಿ ಹುಟ್ಟುವುದು ಪಾಯಿಂಟ್ ತೆರೆದುಕೊಳ್ಳುವ ಕ್ಷಣದಲ್ಲಿ. ಆ ಕ್ಷಣಕ್ಕೆ ಸರಿಯಾಗಿ ಕಾಯಿಲ್ಲಿನಲ್ಲಿ ಕರೆಂಟು ತುತ್ತತುದಿಯಲ್ಲಿರಬೇಕು. ಅಯಸ್ಕಾಂತ ಕಾಯಿಲ್ಲಿನ ಕಬ್ಬಿಣವನ್ನು ಯಾವಾಗ ದಾಟುತ್ತದೆ ಎಂಬುದರ ಮೇಲೆ ಇದು ನಿಂತಿದೆ. ಟೂ-ಸ್ಟ್ರೋಕ್ ಎಂಜಿನ್ ನಿಮಿಷಕ್ಕೆ 5000 ಸುತ್ತು ತಿರುಗಿದರೆ ಸೆಕೆಂಡಿಗೆ 83 ಸಲ ಕಿಡಿ ಹಾರಬೇಕು. ಅಯಸ್ಕಾಂತ ಕೆಲವೇ ಮಿಲಿಮೀಟರ್ ಜರುಗಿ ಕೂತರೂ ಪಾಯಿಂಟ್ ತೆರೆಯುವಾಗ ಕರೆಂಟು ಇನ್ನೂ ಏರುತ್ತಿರುತ್ತದೆ, ಇಲ್ಲವೇ ಆಗಲೇ ಇಳಿದಿರುತ್ತದೆ. ಕಿಡಿ ಸೊರಗುತ್ತದೆ. ಆಮೇಲೆ ನೀವು ಕಾರ್ಬುರೇಟರ್ ಬಿಚ್ಚಿದ್ದೇ ಬಿಚ್ಚಿದ್ದು, ತೊಳೆದದ್ದೇ ತೊಳೆದದ್ದು!

ಸಡಿಲವಾಗುವುದಾದರೂ ಏಕೆ?

ಒಂದು ಸಣ್ಣ ಲೆಕ್ಕ ಹಾಕೋಣ. 40 ಗ್ರಾಂ ತೂಕದ ಅಯಸ್ಕಾಂತ, ನಡುವಿನಿಂದ 4 ಸೆಂಟಿಮೀಟರ್ ದೂರದಲ್ಲಿ, 5000 ಸುತ್ತಿನ ವೇಗದಲ್ಲಿ ತಿರುಗಿದರೆ ಅದು ಹೊರಕ್ಕೆ ಒತ್ತುವ ಬಲ ಸುಮಾರು 45 ಕಿಲೋ ಭಾರಕ್ಕೆ ಸಮ. ಒಂದು ಸಿಮೆಂಟ್ ಮೂಟೆಗೆ ಸ್ವಲ್ಪ ಕಡಿಮೆ! ಆದರೆ ಬಟ್ಟಲಿನಂಥ ಚಕ್ರದಲ್ಲಿ ಆ ಭಾರವನ್ನು ಹೊರುವುದು ಅಂಟಲ್ಲ, ಬಟ್ಟಲಿನ ಗೋಡೆ. ವೇಗವಾಗಿ ತಿರುಗುವಾಗ ಅಯಸ್ಕಾಂತ ಗೋಡೆಗೆ ಒತ್ತಿಕೊಂಡೇ ಇರುತ್ತದೆ.

ಅಂಟಿಗೆ ನಿಜವಾದ ಪರೀಕ್ಷೆ ನಿಧಾನವಾಗಿ ತಿರುಗುವಾಗ. ಆಗ ಹೊರಗೊತ್ತುವ ಬಲ ಇರುವುದಿಲ್ಲ, ಕಾಯಿಲ್ಲಿನ ಕಬ್ಬಿಣ ಅಯಸ್ಕಾಂತವನ್ನು ಒಳಕ್ಕೆ ಸೆಳೆಯುತ್ತಿರುತ್ತದೆ. ಜೊತೆಗೆ ಪೆಡಲ್ ತುಳಿದಾಗಿನ ಜಗ್ಗಾಟ, ಎಂಜಿನ್ನಿನ ನಡುಕ, ಕಾದು ಆರಿ ಕಾದು ಆರಿ ಬಿರುಕು ಬಿಟ್ಟ ಹಳೇ ಅಂಟು, ಅದರಡಿಯಲ್ಲಿ ಹಬ್ಬಿದ ತುಕ್ಕು. ಆದ್ದರಿಂದಲೇ ಎಷ್ಟೋ ಸಲ "ಟಕ್ ಟಕ್" ಸದ್ದು ಸ್ಟಾರ್ಟ್ ಮಾಡುವಾಗ ಕೇಳಿ, ರೇಸ್ ಕೊಟ್ಟೊಡನೆ ಮಾಯವಾಗುತ್ತದೆ. "ಹೋಯಿತಲ್ಲ, ಸರಿಯಾಯಿತು" ಎಂದು ಓಡಿಸಬೇಡಿ. ಅಯಸ್ಕಾಂತಕ್ಕೂ ಕಾಯಿಲ್ಲಿನ ಕಬ್ಬಿಣಕ್ಕೂ ನಡುವೆ ಇರುವ ಸಂದು ಒಂದು ವಿಸಿಟಿಂಗ್ ಕಾರ್ಡಿನಷ್ಟು ಮಾತ್ರ. ಸಡಿಲ ತುಂಡು ಒಮ್ಮೆ ಅಲ್ಲಿ ಸಿಕ್ಕಿಕೊಂಡರೆ ಕಾಯಿಲ್ಲಿನ ತಂತಿ ಹರಿದು ಚಿಂದಿಯಾಗುತ್ತದೆ.

ಇನ್ನೊಂದು ದೊಡ್ಡ ಕಾರಣವಿದೆ, ಸುತ್ತಿಗೆ! ಚಕ್ರ ಕಳಚಲು ಪುಲ್ಲರ್ ಇಲ್ಲದ ಕಡೆ ಬಡಿದು ಬಿಚ್ಚುತ್ತಾರೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆ ಪೆಟ್ಟಿಗೆ ಅಂಟು ಬಿಡುತ್ತದೆ, ಅಯಸ್ಕಾಂತ ಸೀಳುತ್ತದೆ, ಕೆಲವೊಮ್ಮೆ ಕ್ರ್ಯಾಂಕ್ ಕೂಡ ಬಾಗುತ್ತದೆ. ನಿಮ್ಮ ಗಾಡಿಯ ಅಳತೆಗೆ ಸರಿಹೊಂದುವ ಪುಲ್ಲರ್ ಹಾಕಿಯೇ ಬಿಚ್ಚಿಸಿ. ನಟ್ಟು ಎಡಕ್ಕೆ ಬಿಚ್ಚುತ್ತದೋ ಬಲಕ್ಕೋ ಎಂಬುದನ್ನು ಮೊದಲೇ ತಿಳಿದುಕೊಳ್ಳಿ, ಕೆಲವು ಎಂಜಿನ್‌ಗಳಲ್ಲಿ ಅದು ಉಲ್ಟಾ ಇರುತ್ತದೆ.

ಚಕ್ರ ಕೈಗೆ ಬಂದ ಮೇಲೆ ಕ್ರ್ಯಾಂಕಿನ ಮೇಲಿರುವ ಅರ್ಧಚಂದ್ರದ ಪುಟ್ಟ ಕೀಯನ್ನೂ ನೋಡಿ. ಅದು ಕತ್ತರಿಸಿಹೋಗಿದ್ದರೆ ಚಕ್ರವೇ ಜರುಗಿ ಕೂತಿರುತ್ತದೆ. ತೊಂದರೆಯ ಲಕ್ಷಣ ಹೆಚ್ಚುಕಡಿಮೆ ಒಂದೇ, ಔಷಧಿ ಬೇರೆ.

ಯಾವುದನ್ನು ಅಂಟಿಸಬಹುದು, ಯಾವುದನ್ನು ಕೂಡದು

ಇದು ಈ ಬರಹದ ಅತಿ ಮುಖ್ಯ ಭಾಗ, ದಯವಿಟ್ಟು ಎರಡು ಸಲ ಓದಿ.

ಅಯಸ್ಕಾಂತ ಚಕ್ರದ ಒಳಗೋಡೆಗೆ ಅಂಟಿನಿಂದ ಕೂತಿದ್ದು, ಹೊರಗೆ ಉಕ್ಕಿನ ಗೋಡೆ ಗಟ್ಟಿಯಾಗಿದ್ದರೆ ಮನೆಯಲ್ಲೇ ಅಂಟಿಸಬಹುದು. ತಿರುಪು ಅಥವಾ ರಿವೆಟ್ ಹಾಕಿ ಕೂರಿಸಿದ್ದರೆ ಅದನ್ನು ಮತ್ತೆ ತಿರುಪು, ರಿವೆಟ್ ಹಾಕಿಯೇ ಕೂರಿಸಬೇಕು. ಅಂಟು ಅದಕ್ಕೆ ಬದಲಿಯಲ್ಲ. ಕೆಲವು ಪಂಪ್‌ಸೆಟ್, ಜನರೇಟರ್ ಎಂಜಿನ್‌ಗಳಲ್ಲಿ ಅಯಸ್ಕಾಂತ ಚಕ್ರದ ಹೊರಅಂಚಿನಲ್ಲಿರುತ್ತದೆ, ಕಾಯಿಲ್ ಚಕ್ರದ ಹೊರಗಿರುತ್ತದೆ. ಅಂಥದ್ದನ್ನು ಅಂಟಿಸಲು ಹೋಗಬೇಡಿ. ಅಲ್ಲಿ ತಡೆಯಲು ಗೋಡೆ ಇಲ್ಲ. ನಾವು ಲೆಕ್ಕ ಹಾಕಿದ ಆ 45 ಕಿಲೋ ಭಾರವನ್ನು ಅಂಟೇ ಹೊರಬೇಕು. ಕಿತ್ತು ಬಂದರೆ ಅದು ಕವಣೆಯಿಂದ ಚಿಮ್ಮಿದ ಕಲ್ಲೇ ಸರಿ. ಆ ಚಕ್ರವನ್ನು ಬದಲಾಯಿಸುವುದೇ ದಾರಿ.

ಚಕ್ರದ ಲೋಹದಲ್ಲೇ ಬಿರುಕು ಕಂಡರೆ ಮಾತ್ರ ಮೆಕ್ಯಾನಿಕ್ ಹೇಳಿದ್ದು ನಿಜ. ಆ ಚಕ್ರ ಗುಜರಿಗೇ ಹೋಗಬೇಕು. ಆದರೆ ಚಕ್ರ ಮಾತ್ರ, ಗಾಡಿ ಅಲ್ಲ!

ಕೀಳುವ ಮೊದಲು ಗುರುತು

ಈಗ ಕೈ ಹಾಕೋಣ. ಮೊದಲ ಕೆಲಸ, ಏನನ್ನೂ ಕೀಳಬೇಡಿ. ಮೊಬೈಲಿನಲ್ಲಿ ನಾಲ್ಕಾರು ಫೋಟೋ ತೆಗೆಯಿರಿ. ಕೀ ಕೂರುವ ಗಾಡಿಯನ್ನು ಗುರುತಾಗಿ ಇಟ್ಟುಕೊಂಡು ಅಯಸ್ಕಾಂತಗಳಿಗೆ 1, 2, 3 ಎಂದು ಮಾರ್ಕರ್‌ನಲ್ಲಿ ನಂಬರ್ ಹಾಕಿ. ಪ್ರತಿಯೊಂದರ ಎರಡೂ ತುದಿಗೆ ನೇರವಾಗಿ ಚಕ್ರದ ಅಂಚಿನ ಮೇಲೆ ಗೀಟು ಎಳೆಯಿರಿ. ಅಂಚಿನಿಂದ ಎಷ್ಟು ಆಳದಲ್ಲಿದೆ ಎಂದು ಅಳೆದು ಬರೆದಿಡಿ. ಅಯಸ್ಕಾಂತ ಆಗಲೇ ಜರುಗಿಬಿಟ್ಟಿದ್ದರೆ ಹೆದರಬೇಡಿ. ಗೋಡೆಯ ಮೇಲೆ ಹಳೇ ಅಂಟಿನ ಕಲೆ ಉಳಿದಿರುತ್ತದೆ, ಅದೇ ಅದರ ಮನೆ ವಿಳಾಸ.

ಇನ್ನು ಧ್ರುವ. ಹಳೇ ಆಟಿಕೆಯ ಒಂದು ಪುಟ್ಟ ಗುಂಡು ಅಯಸ್ಕಾಂತವನ್ನು ಐಸ್‌ಕ್ರೀಂ ಕಡ್ಡಿಯ ತುದಿಗೆ ಟೇಪಿನಿಂದ ಸುತ್ತಿ. ಅದರ ಒಂದು ಮುಖಕ್ಕೆ ಕೆಂಪು ಚುಕ್ಕೆ ಇಡಿ. ಕೆಂಪು ಮುಖವನ್ನು ಚಕ್ರದ ಒಂದೊಂದೇ ಅಯಸ್ಕಾಂತದ ಹತ್ತಿರ ಹಿಡಿಯಿರಿ. ಎಳೆದರೆ "ಎ" ಎಂದು, ತಳ್ಳಿದರೆ "ತ" ಎಂದು ಬರೆಯಿರಿ. ಸಾಮಾನ್ಯವಾಗಿ ಎ-ತ-ಎ-ತ ಎಂದು ಒಂದು ಬಿಟ್ಟು ಒಂದು ಬರುತ್ತದೆ. ನಿಮ್ಮ ಚಕ್ರದಲ್ಲಿ ಬೇರೆ ಕ್ರಮ ಬಂದರೆ ಅದನ್ನೇ ಬರೆದಿಟ್ಟುಕೊಳ್ಳಿ, "ಸರಿಪಡಿಸಲು" ಹೋಗಬೇಡಿ. ಫ್ರಿಜ್ಜಿಗೆ ಅಂಟಿಸುವ ರಬ್ಬರಿನಂಥ ಅಯಸ್ಕಾಂತದ ಹಾಳೆ ಈ ಪರೀಕ್ಷೆಗೆ ಬೇಡ. ಅದರ ಒಂದೇ ಮುಖದಲ್ಲಿ ಎರಡೂ ಧ್ರುವಗಳ ಪಟ್ಟೆಗಳಿರುತ್ತವೆ.

ಬಾಗಿದ ಅಯಸ್ಕಾಂತ ಒಂದೇ ಕಳಚಿದ್ದರೆ ಧ್ರುವ ತಪ್ಪುವ ಭಯ ಕಡಿಮೆ. ಅದರ ಉಬ್ಬು ಗೋಡೆಗೇ ಕೂರುವುದರಿಂದ ಒಳಹೊರಗಾಗಿ ಕೂರಿಸಲು ಬರುವುದಿಲ್ಲ. ಎರಡು ಮೂರು ಒಟ್ಟಿಗೆ ಕಳಚಿದಾಗಲೇ ಎಡವಟ್ಟು. 2ರ ಜಾಗಕ್ಕೆ 3 ಹೋಗಿ ಕೂತರೆ ಒಂದೇ ಧ್ರುವದವು ಅಕ್ಕಪಕ್ಕ ಬರುತ್ತವೆ. ಆಗ ಕಿಡಿಯೂ ಕುಂದುತ್ತದೆ, ಲೈಟೂ ಮಂಕಾಗುತ್ತದೆ.

ಒಂದು ವಿಷಯ ಮರೆಯಬೇಡಿ. ಇದ್ದಿಲಿನ ಬಣ್ಣದ, ಪಿಂಗಾಣಿಯಂಥ ಅಯಸ್ಕಾಂತವಾದರೆ ಅದು ಫೆರೈಟ್. ಇದು ಬಳಕೆಗೆ ಬಂದದ್ದು 1950ರ ದಶಕದಲ್ಲಿ. ಅದರ ಶಕ್ತಿ ಸುಲಭವಾಗಿ ಕುಂದುವುದಿಲ್ಲ, ಆದರೆ ಕೈಜಾರಿ ಬಿದ್ದರೆ ಬಳೆಯಂತೆ ಚೂರು. ಇನ್ನೂ ಹಳೆಯ ಎಂಜಿನ್ನಿನ ಲೋಹದ ಅಯಸ್ಕಾಂತವಾದರೆ ಕಾಯಿಲ್ ಪ್ಲೇಟಿನಿಂದ ಬೇರೆಯಾಗಿ ಬಹಳ ಕಾಲ ಬಿಟ್ಟರೆ ಶಕ್ತಿ ಕುಂದಬಹುದು. ಬಿಚ್ಚಿದೊಡನೆ ಅದರ ಧ್ರುವಗಳಿಗೆ ಅಡ್ಡಲಾಗಿ ಮೆತ್ತನೆಯ ಕಬ್ಬಿಣದ ಪಟ್ಟಿ ಇಡಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಮನೆಯಲ್ಲಿದ್ದರೆ ಈ ಕೆಲಸ ಅವರಿಂದ ದೂರ ಮಾಡಿ.

ತೊಳೆಯುವುದೇ ಅರ್ಧ ಕೆಲಸ

ಅಂಟು ಬಿಡುವುದು ಹೆಚ್ಚಾಗಿ ಅಂಟಿನ ತಪ್ಪಿನಿಂದಲ್ಲ, ಅಡಿಯಲ್ಲಿನ ಕೊಳೆಯಿಂದ. ಚಕ್ರದ ಗೋಡೆ, ಅಯಸ್ಕಾಂತದ ಬೆನ್ನು, ಎರಡರಿಂದಲೂ ಹಳೇ ಅಂಟನ್ನು ಪೂರ್ತಿ ಕೆರೆದು ತೆಗೆಯಿರಿ. ಗೋಡೆಯ ತುಕ್ಕನ್ನು ಒರಟು ಉಪ್ಪುಕಾಗದದಿಂದ ಹೊಳಪಿನ ಲೋಹ ಕಾಣುವವರೆಗೆ ತಿಕ್ಕಿ. ಅಯಸ್ಕಾಂತದ ಬೆನ್ನನ್ನು ಹಗುರವಾಗಿ ತಿಕ್ಕಿದರೆ ಸಾಕು. ಹೊರಬಂದ ಕಬ್ಬಿಣದ ಪುಡಿ ಅಯಸ್ಕಾಂತಕ್ಕೇ ಅಂಟಿಕೊಳ್ಳುತ್ತದೆ, ಬಟ್ಟೆಯಲ್ಲಿ ಒರೆಸಿದರೆ ಹೋಗುವುದಿಲ್ಲ. ಟೇಪಿನ ಅಂಟುಮುಖ ಒತ್ತಿ ಎತ್ತಿ, ಮಕ್ಕಳ ಬಣ್ಣದ ಕ್ಲೇ ಆದರೂ ಸರಿ.

ಕೊನೆಗೆ ಅಸಿಟೋನ್ ಹಚ್ಚಿದ ಬಿಳಿ ಬಟ್ಟೆಯಲ್ಲಿ ಒರೆಸಿ. ಬಟ್ಟೆ ಬಿಳಿಯಾಗಿಯೇ ಬರುವವರೆಗೆ ಮಾಡಿ. ಪೆಟ್ರೋಲಿನಲ್ಲಿ ಒರೆಸಿ ಮುಗಿಸಬೇಡಿ, ಅದು ಎಣ್ಣೆಯ ಪಸೆ ಬಿಡುತ್ತದೆ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ, ದೇವರ ಮನೆಯ ದೀಪವೂ ಬೇಡ! ಒರೆಸಿದ ಮೇಲೆ ಬೆರಳು ತಾಗಿಸಬೇಡಿ. ಮುಂಬೈ, ಚೆನ್ನೈನವರು ಗಮನಿಸಿ: ಮಳೆಗಾಲದ ತೇವದಲ್ಲಿ ತಿಕ್ಕಿದ ಕಬ್ಬಿಣ ಬೇಗ ಮತ್ತೆ ತುಕ್ಕು ಹಿಡಿಯುತ್ತದೆ. ಆದ್ದರಿಂದ ತಿಕ್ಕಿದ ದಿನವೇ ಅಂಟಿಸಿ.

ಯಾವ ಅಂಟು? ಎರಡು ಟ್ಯೂಬುಗಳನ್ನು ಬೆರೆಸುವ ಎಪಾಕ್ಸಿ, ಅದೂ ನಿಧಾನವಾಗಿ ಗಟ್ಟಿಯಾಗುವ ಬಗೆಯದು. ಐದು ನಿಮಿಷದ್ದು ಬೇಡ. ಡಬ್ಬದ ಮೇಲೆ ಎಷ್ಟು ಶಾಖ ತಡೆಯುತ್ತದೆ ಎಂದು ಬರೆದಿರುತ್ತದೆ, ಓದಿ ಕೊಳ್ಳಿ. ಗಾಳಿಯಿಂದ ತಣ್ಣಗಾಗುವ ಎಂಜಿನ್ನಿನ ಪಕ್ಕದಲ್ಲೇ ಇರುವ ಚಕ್ರವಿದು. 100 ಡಿಗ್ರಿ ಸೆಲ್ಸಿಯಸ್ ದಾಟಿಯೂ ತಡೆಯುವ ಅಂಟಿದ್ದರೆ ನಿಶ್ಚಿಂತೆ. ಕೈಗಾರಿಕಾ ಸಾಮಾನಿನ ಅಂಗಡಿಯಲ್ಲಿ ಮೋಟಾರಿನ ಅಯಸ್ಕಾಂತ ಅಂಟಿಸಲೆಂದೇ ಬರುವ ಅಂಟು ಸಿಕ್ಕರೆ ಇನ್ನೂ ಒಳ್ಳೆಯದು. ಒಂದು ಹನಿಗೆ ಕ್ಷಣದಲ್ಲಿ ಹಿಡಿಯುವ ಅಂಟು ನಡುಕಕ್ಕೆ ಸೀಳುತ್ತದೆ. ಪೈಪಿನ ಸೋರಿಕೆಗೆ ಮೆತ್ತುವ ಪುಟ್ಟಿ ದಪ್ಪವಾಗಿ ಕೂತು, ಆ ವಿಸಿಟಿಂಗ್ ಕಾರ್ಡಿನ ಸಂದನ್ನೇ ನುಂಗಿಬಿಡುತ್ತದೆ.

ಕೂರಿಸುವ ಹೊತ್ತು

ಮೊದಲು ಅಂಟಿಲ್ಲದೆ ಒಂದು ಸಲ ಕೂರಿಸಿ ನೋಡಿ, ಅಭ್ಯಾಸವಾಗಲಿ. ಅಯಸ್ಕಾಂತ ತಾನಾಗಿಯೇ ಉಕ್ಕಿನ ಗೋಡೆಗೆ ಹಾರಿ ಕೂರುತ್ತದೆ, ಬೆರಳು ಜೋಪಾನ. ಆಮೇಲೆ ಪಕ್ಕದ ಅಯಸ್ಕಾಂತದ ಕಡೆಗೆ ಜರುಗಲು ನೋಡುತ್ತದೆ. ಅದಕ್ಕೆ ನಡುವಿನ ಸಂದುಗಳಲ್ಲಿ ಐಸ್‌ಕ್ರೀಂ ಕಡ್ಡಿ ಅಥವಾ ಮಡಿಸಿದ ರಟ್ಟು ತುರುಕಿ, ಎಲ್ಲಾ ಸಂದುಗಳೂ ನೀವು ಬರೆದಿಟ್ಟ ಅಳತೆಗೇ ನಿಲ್ಲಲಿ.

ಈಗ ಅಂಟು ಬೆರೆಸಿ, ಗೋಡೆಗೂ ಅಯಸ್ಕಾಂತದ ಬೆನ್ನಿಗೂ ತೆಳುವಾಗಿ ಸವರಿ. ದೋಸೆಗೆ ಬೆಣ್ಣೆ ಹಚ್ಚಿದಷ್ಟು ಧಾರಾಳ ಬೇಡ, ಕಾವಲಿಗೆ ಎಣ್ಣೆ ಸವರಿದಷ್ಟು ಸಾಕು. ಗೀಟಿಗೆ ಗೀಟು ಕೂಡಿಸಿ ಕೂರಿಸಿ, ಒತ್ತಿ, ಕಡ್ಡಿಗಳನ್ನು ತುರುಕಿ. ಒಳಮುಖಕ್ಕೆ ಉಕ್ಕಿ ಬಂದ ಅಂಟನ್ನು ಹಸಿಯಾಗಿರುವಾಗಲೇ ಒರೆಸಿ, ತುದಿಗಳಲ್ಲಿ ಉಳಿದ ಸಣ್ಣ ಏರಿ ಹಾಗೇ ಇರಲಿ. ಧ್ರುವದ ಪರೀಕ್ಷೆಯನ್ನು ಕಡ್ಡಿಯಿಂದ ಮತ್ತೊಮ್ಮೆ ಮಾಡಿ. ಅಂಟು ಹಸಿ ಇದ್ದಾಗ ಕಂಡ ತಪ್ಪು ತಪ್ಪೇ ಅಲ್ಲ!

ಚಕ್ರವನ್ನು ಮಟ್ಟಸವಾಗಿ ಮಲಗಿಸಿ, 24 ಗಂಟೆ ಮುಟ್ಟಬೇಡಿ. ದೆಹಲಿಯ ಜನವರಿಯಲ್ಲಾದರೆ ಬಾಲ್ಕನಿಯಲ್ಲಿ ಇಡಬೇಡಿ, ಚಳಿಗೆ ಎಪಾಕ್ಸಿ ಗಟ್ಟಿಯಾಗಲು ಬಹಳ ಹೊತ್ತು ಹಿಡಿಯುತ್ತದೆ. ಬೆಚ್ಚಗಿನ ಕೋಣೆಯಲ್ಲಿ ಎರಡು ದಿನ ಬಿಡಿ. ಬೇಗ ಆಗಲಿ ಎಂದು ಒಲೆಯ ಮೇಲೆ ಕಾಯಿಸುವುದು, ಬ್ಲೋ ಲ್ಯಾಂಪ್ ಹಿಡಿಯುವುದು ಖಂಡಿತ ಬೇಡ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಮೊದಲ ಸ್ಟಾರ್ಟ್

ಕಡ್ಡಿಗಳನ್ನು ತೆಗೆದು, ಕಬ್ಬಿಣದ ಪುಡಿ ಉಳಿದಿದೆಯೇ ನೋಡಿ. ಅಯಸ್ಕಾಂತಗಳ ಒಳಮುಖಕ್ಕೆ ಮಾರ್ಕರ್ ಬಳಿಯಿರಿ. ಕೀ ಸರಿಯಾಗಿ ಕೂರಿಸಿ, ಚಕ್ರ ಹಾಕಿ, ನಟ್ಟು ಬಿಗಿ ಮಾಡಿ. ಪ್ಲಗ್ ತೆಗೆದು ಕೈಯಿಂದ ನಿಧಾನವಾಗಿ ಹತ್ತಿಪ್ಪತ್ತು ಸುತ್ತು ತಿರುಗಿಸಿ. ಎಲ್ಲಾದರೂ ಉಜ್ಜಿದ ಸದ್ದು ಬಂದರೆ ಮತ್ತೆ ಬಿಚ್ಚಿ ನೋಡಿ, ಬಣ್ಣ ಅಳಿಸಿಹೋದ ಜಾಗವೇ ತಾಗುತ್ತಿರುವ ಜಾಗ. ಉಜ್ಜದಿದ್ದರೆ ಪಾಯಿಂಟಿನ ಸಂದು ನೋಡಿ. ಬಹಳಷ್ಟು ಪುಟ್ಟ ಎಂಜಿನ್‌ಗಳಲ್ಲಿ ಅದು 0.4 ಮಿಲಿಮೀಟರ್ ಆಸುಪಾಸು, ನಿಮ್ಮ ಗಾಡಿಯ ಪುಸ್ತಕವಿದ್ದರೆ ಅದರಲ್ಲಿರುವುದೇ ಅಂತಿಮ.

ಈಗ ಕವರ್ ಹಾಕಿಯೇ ಸ್ಟಾರ್ಟ್ ಮಾಡಿ. ಕವರ್ ಇಲ್ಲದೆ ತಿರುಗುವ ಚಕ್ರದ ನೇರಕ್ಕೆ ನೀವೂ ನಿಲ್ಲಬೇಡಿ, ಮಕ್ಕಳನ್ನೂ ನಿಲ್ಲಿಸಬೇಡಿ. ಎರಡು ಮೂರು ನಿಮಿಷ ಮೆಲ್ಲಗೆ ಓಡಲಿ. ನಿಲ್ಲಿಸಿ, ಆರಿದ ಮೇಲೆ ಕವರ್ ಬಿಚ್ಚಿ ಒಮ್ಮೆ ಕಣ್ಣಾಡಿಸಿ. ಆಮೇಲೆ ಹತ್ತು ನಿಮಿಷ. ಮೊದಲ ವಾರ ಕಳೆದ ಮೇಲೆ ಇನ್ನೊಮ್ಮೆ ನೋಡಿದರೆ ಮನಸ್ಸಿಗೆ ಸಮಾಧಾನ.

ಅಯಸ್ಕಾಂತವೇ ಚೂರಾಗಿದ್ದರೆ?

ಚೂರಾದ ಅಯಸ್ಕಾಂತವನ್ನು ಜೋಡಿಸಿ ಓಡಿಸುವವರಿದ್ದಾರೆ, ನಾವು ಬೇಡ ಎನ್ನುತ್ತೇವೆ. ಒಂದು ಸಣ್ಣ ಚೂರು ಎದ್ದು ಬಂದರೂ ಕಾಯಿಲ್ಲಿಗೆ ಕುತ್ತು. ಅದೇ ಮಾದರಿಯ ಹಳೇ ಚಕ್ರ ಹುಡುಕಿ. ಚೆನ್ನೈನವರಿಗೆ ಪುದುಪೇಟೆ ಇದೆ, ದೆಹಲಿಯವರಿಗೆ ಕರೋಲ್ ಬಾಗ್, ಪುಣೆಯವರಿಗೆ ಜುನಾ ಬಜಾರ್, ಮುಂಬೈಯವರಿಗೆ ಚೋರ್ ಬಜಾರ್, ಹೈದರಾಬಾದಿನವರಿಗೆ ಗುರುವಾರದ ಜುಮ್ಮೇರಾತ್ ಬಜಾರ್. ರಜೆಗೆ ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯ ಕಡೆಯೂ ಒಂದು ಸುತ್ತು ಹಾಕಿ. ಹೋಗುವಾಗ ನಿಮ್ಮ ಹಳೇ ಚಕ್ರವನ್ನು ಚೀಲದಲ್ಲಿ ಇಟ್ಟುಕೊಂಡು ಹೋಗಿ. ನಡುವಿನ ರಂಧ್ರ, ಕೀಯ ಗಾಡಿ, ಅಯಸ್ಕಾಂತಗಳ ಸಂಖ್ಯೆ ಮತ್ತು ಧ್ರುವದ ಕ್ರಮ, ಇಷ್ಟೂ ಹೊಂದಬೇಕು. ಕಡ್ಡಿಯ ಅಯಸ್ಕಾಂತ ಜೇಬಿನಲ್ಲಿರಲಿ. ಅಂಗಡಿಯವನು ವಿಚಿತ್ರವಾಗಿ ನೋಡಿದರೆ ನೋಡಲಿ ಬಿಡಿ!

ಕೊನೆಗೊಂದು ಮಾತು. ಅಂಟು, ಅಸಿಟೋನ್, ಉಪ್ಪುಕಾಗದ, ಎರಡು ಭಾನುವಾರ... ಖರ್ಚು ಇಷ್ಟೇ. ಇದನ್ನು ನೀವೇ ಮಾಡಲೇಬೇಕೆಂದಿಲ್ಲ. ನಿಮ್ಮ ಮೆಕ್ಯಾನಿಕ್ಕಿಗೆ "ಪುಲ್ಲರ್ ಹಾಕಿ ಬಿಚ್ಚು, ಗುರುತು ಮಾಡು, ಧ್ರುವ ನೋಡು" ಎಂದು ಹೇಳುವಷ್ಟು ಗೊತ್ತಿದ್ದರೂ ಸಾಕು, ಗಾಡಿ ಉಳಿಯುತ್ತದೆ. ರಸ್ತೆಗಿಳಿಸುವ ಮೊದಲು ಹಳೇ ವಾಹನದ ನೋಂದಣಿಗೆ ನಿಮ್ಮ ಊರಿನಲ್ಲಿರುವ ನಿಯಮವನ್ನು ಆರ್‌ಟಿಒದಲ್ಲಿ ವಿಚಾರಿಸಿ. ಅದು ಆಗದಿದ್ದರೂ ಚಿಂತೆಯಿಲ್ಲ. ಅಪ್ಪ ಈ ಸಲ ಊರಿನಿಂದ ಬಂದಾಗ ಪಾರ್ಕಿಂಗಿಗೆ ಕರೆದುಕೊಂಡು ಹೋಗಿ, ಬೆಡ್‌ಶೀಟ್ ಸರಿಸಿ, ಪೆಡಲನ್ನು ಅವರ ಕಾಲಿಗೇ ಬಿಟ್ಟುಕೊಡಿ. ಆ ಸದ್ದು ಕೇಳಿದಾಗ ಅವರ ಮುಖ ನೋಡಲು ಮರೆಯಬೇಡಿ.